ಬೂಟು ಕೊಳ್ಳುವ ಮುನ್ನ ಕಾಲು ನೋಡಿ

ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರದಂಥ ಊರಿನಲ್ಲಿ ಬೆಳಿಗ್ಗೆ ಬಸ್ಸಿಗೆ ಕಾದು ನಿಂತವರ ಮುಖ ಬಿಟ್ಟು ಕಾಲುಗಳನ್ನಷ್ಟೇ ನೋಡಬೇಕು. ಹೊಲಕ್ಕೆ ಹೊರಟವರದು ರಬ್ಬರ್ ಚಪ್ಪಲಿ, ಇಲ್ಲವೇ ಬರಿಗಾಲು. ಬಸವಕಲ್ಯಾಣಕ್ಕೋ ಹುಮನಾಬಾದಕ್ಕೋ ಕಾಲೇಜಿಗೆ ಹೊರಟ ಹುಡುಗರದು ಕ್ಯಾನ್ವಾಸ್ ಬೂಟು. ಹೊಸದಾಗಿ ನೌಕರಿ ಸಿಕ್ಕ ತರುಣ ಮಾತ್ರ ಮಿರಿಮಿರಿ ಮಿಂಚುವ, ಚೂಪು ಮೂತಿಯ ಕರಿ ಬೂಟು ತೊಟ್ಟಿರುತ್ತಾನೆ. ಸಂಜೆ ಅದೇ ತರುಣ ಬಸ್ಸಿನಿಂದ ಇಳಿದು ಕುಂಟುತ್ತಾ ಮನೆಗೆ ಬರುತ್ತಾನೆ. ಹಿಮ್ಮಡಿಯಲ್ಲಿ ಗುಳ್ಳೆ, ಕಿರುಬೆರಳ ಮೇಲೆ ಆಣಿ. ‘ಹೊಸ ಬೂಟು ಮೊದಮೊದಲು ಕಚ್ಚುತ್ತದೆ, ಆಮೇಲೆ ಸಡಿಲಾಗುತ್ತದೆ’ ಎಂದು ಮನೆಯವರು ಸಮಾಧಾನ ಹೇಳುತ್ತಾರೆ.

ಈ ಮಾತು ಅರ್ಧ ಮಾತ್ರ ನಿಜ. ಚರ್ಮ ಅಗಲಕ್ಕೆ ಸ್ವಲ್ಪ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ಬೆರಳಿಗೆ ತಾಗುವ ಬೂಟು ಒಂದು ವರ್ಷ ಕಳೆದರೂ ತಾಗುತ್ತಲೇ ಇರುತ್ತದೆ. ಬೂಟು ಕಾಲಿಗೆ ಒಗ್ಗದಿದ್ದರೆ ಕಾಲೇ ಬೂಟಿಗೆ ಒಗ್ಗಿಕೊಳ್ಳುತ್ತದೆ. ಅಪಾಯ ಇರುವುದು ಇಲ್ಲಿಯೇ.

ಒಂದು ಪಾದದಲ್ಲಿ 26 ಮೂಳೆಗಳಿವೆ. ಎರಡೂ ಸೇರಿ 52. ವಯಸ್ಕರ ಶರೀರದ 206 ಮೂಳೆಗಳಲ್ಲಿ ಕಾಲು ಭಾಗ ಪಾದಗಳಲ್ಲೇ ಸೇರಿಕೊಂಡಿದೆ ಎಂದಾಯಿತು. ಮಕ್ಕಳಲ್ಲಿ ಇವೆಲ್ಲ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಕೆಲವು ಇನ್ನೂ ಮೃದ್ವಸ್ಥಿಯ ಸ್ಥಿತಿಯಲ್ಲಿರುತ್ತವೆ. ಆದ್ದರಿಂದಲೇ ಬಿಗಿಯಾದ ಬೂಟಿನೊಳಗೆ ಬೆರಳು ಮಡಚಿಕೊಂಡರೂ ಮಗುವಿಗೆ ಅಷ್ಟಾಗಿ ನೋವು ತಿಳಿಯುವುದಿಲ್ಲ. ಅದು ಅಳಲಿಲ್ಲವೆಂದು ತಂದೆತಾಯಿ ಸುಮ್ಮನಿದ್ದುಬಿಡುತ್ತಾರೆ.

ಕೆಲಸಕ್ಕೆ ಹಾಕುವ ಬೂಟು ಹೇಗಿರಬೇಕೆಂದು ತಿಳಿಯಲು ಒಂದು ಹಳೆಯ ಬೂಟಿನ ಕತೆ ನೆರವಾಗುತ್ತದೆ. ಅಂಗಡಿಗಳಲ್ಲಿ ಮೂತಿಯ ಮೇಲೆ ಸಣ್ಣ ಸಣ್ಣ ತೂತುಗಳ ಚಿತ್ತಾರವಿರುವ ಬೂಟನ್ನು ಕಂಡಿರಬಹುದು. ಅದಕ್ಕೆ ‘ಬ್ರೋಗ್’ ಎಂದು ಹೆಸರು. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಈ ಪದಕ್ಕೆ ಸುಮ್ಮನೆ ಪಾದರಕ್ಷೆ ಎಂದೇ ಅರ್ಥ. ಅಲ್ಲಿನ ಹಳ್ಳಿಗರು ಜೌಗು ನೆಲದಲ್ಲಿ ನಡೆಯುವಾಗ ಒಳಹೊಕ್ಕ ನೀರು ಹೊರಗೆ ಹರಿದುಹೋಗಲೆಂದು ಚರ್ಮಕ್ಕೆ ತೂತು ಹೊಡೆಯುತ್ತಿದ್ದರಂತೆ. ಮುಂದೆ ಪೇಟೆಯವರು ಆ ತೂತುಗಳನ್ನು ಅಲಂಕಾರ ಮಾಡಿಕೊಂಡರು. ಈಗಿನ ಬ್ರೋಗಿನಲ್ಲಿ ತೂತಿನ ಕೆಳಗೆ ಇನ್ನೊಂದು ಪದರ ಇರುವುದರಿಂದ ನೀರು ಹರಿದುಹೋಗುವ ಮಾತೇ ಇಲ್ಲ. ಆದರೆ ‘ಹಳ್ಳಿ ಶೈಲಿ’ಯ ಬ್ರೋಗಿನಲ್ಲಿ ಹಳೆಯ ಗುಣಗಳು ಕೆಲವು ಉಳಿದಿವೆ. ದಪ್ಪ ಅಟ್ಟೆ, ದುಂಡು ಮೂತಿ, ಬೆರಳಾಡಿಸಲು ಜಾಗ, ಒರಟು ನೆಲಕ್ಕೆ ಬಗ್ಗದ ಹೊಲಿಗೆ. ಕೊಳ್ಳುವವರು ತೂತು ಎಣಿಸುವುದನ್ನು ಬಿಟ್ಟು ಈ ನಾಲ್ಕನ್ನು ನೋಡಿಕೊಂಡರೆ ಸಾಕು. ತೂತೇ ಇಲ್ಲದ ಬೂಟಿನಲ್ಲಿ ಇವು ಸಿಕ್ಕರೆ ಅದೂ ಆದೀತು.

ಐರ್ಲೆಂಡಿನವರು ತಮ್ಮ ನೆಲ ನೋಡಿ ಬೂಟು ಮಾಡಿಕೊಂಡರು. ಬೀದರ ಜಿಲ್ಲೆಯ ನೆಲವೂ ಸಾಮಾನ್ಯದ್ದಲ್ಲ. ಒಂದೆಡೆ ಜಂಬಿಟ್ಟಿಗೆಯ ಕೆಂಪು, ಮತ್ತೊಂದೆಡೆ ಎರೆಯ ಕಪ್ಪು. ಎರೆಮಣ್ಣಿನ ಜೇಡಿಯ ಕಣಗಳು ನೀರು ಹೀರಿ ಉಬ್ಬುತ್ತವೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತವೆ. ಮಳೆಗಾಲದಲ್ಲಿ ಹೆಜ್ಜೆಗೊಂದು ಪದರ ಅಂಟಿ ಬೂಟು ಸೇರು ಭಾರವಾಗುತ್ತದೆ. ಆಳವಾದ, ಒತ್ತಾದ ಗೀರುಗಳ ಅಟ್ಟೆ ಇಲ್ಲಿ ಶಿಕ್ಷೆಯೇ ಸರಿ. ಗೀರು ಅಗಲವಾಗಿ, ವಿರಳವಾಗಿದ್ದರೆ ಮಣ್ಣು ಬೇಗ ಉದುರುತ್ತದೆ. ಹಾಗೆಂದು ಬರಿಗಾಲೂ ಸಲ್ಲದು. ತೇವದ ಮಣ್ಣಿನಲ್ಲಿರುವ ಕೊಕ್ಕೆಹುಳುವಿನ ಮರಿಗಳು ಪಾದದ ಚರ್ಮ ಕೊರೆದೇ ಒಳಹೋಗುತ್ತವೆ. ಅವು ಕರುಳು ಸೇರಿ ರಕ್ತ ಹೀರಿದರೆ ಮಗು ರಕ್ತಹೀನತೆಯಿಂದ ಸೊರಗುತ್ತದೆ.

ಇನ್ನು ಅಳತೆಯ ವಿಚಾರ. ಬೂಟಿನ ತಳದಲ್ಲಿ 6, 7, 8 ಎಂದು ಬರೆದಿರುವುದು ಇಂಗ್ಲಿಷರ ಲೆಕ್ಕ. ಒಂದು ಅಂಕಿಗೂ ಮುಂದಿನದಕ್ಕೂ ನಡುವೆ ಅಂಗುಲದ ಮೂರನೆಯ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ. ಒಂದು ಬಾರ್ಲಿ ಕಾಳಿನ ಉದ್ದ ಅದು. ನಮ್ಮ ಹಳೆಯ ಶಿಲ್ಪಶಾಸ್ತ್ರದಲ್ಲೂ ಎಂಟು ಯವ, ಅಂದರೆ ಎಂಟು ಜವೆಕಾಳು ಸೇರಿ ಒಂದು ಅಂಗುಲ. ಕಾಳು ಒಂದೇ, ಅವರು ಉದ್ದಕ್ಕೆ ಜೋಡಿಸಿದರು, ನಮ್ಮವರು ಅಡ್ಡಕ್ಕೆ! ಆದರೆ ಬೂಟಿನ ಆ ಅಂಕಿ ಉದ್ದವನ್ನಷ್ಟೇ ಹೇಳುತ್ತದೆ, ಅಗಲದ ಸುದ್ದಿ ಎತ್ತುವುದಿಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿನವರೆಗೆ ದೇಶದ 79 ಕಡೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದರು. ಭಾರತೀಯರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲ ಎಂದು ಕಂಡುಬಂತು. ಅದರ ಆಧಾರದ ಮೇಲೆ ‘ಭಾ’ ಎಂಬ ಸ್ವದೇಶಿ ಅಳತೆ ಪದ್ಧತಿಯೂ ರೂಪುಗೊಂಡಿತು. ಅಗಲ ಸಾಲದೆಂದು ಜನ ಒಂದು ಅಂಕಿ ದೊಡ್ಡ ಬೂಟು ಕೊಳ್ಳುತ್ತಾರೆ. ಆಗ ಹಿಮ್ಮಡಿ ಸಡಿಲವಾಗಿ ಉಜ್ಜಿ ಗುಳ್ಳೆ ಏಳುತ್ತದೆ. ತರುಣನ ಕುಂಟು ನಡಿಗೆಯ ಗುಟ್ಟು ಹೆಚ್ಚಾಗಿ ಇದೇ.

ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗವಿದೆ. ಸಂಜೆಯ ಹೊತ್ತು ಮಾಡಿದರೆ ಒಳ್ಳೆಯದು, ಏಕೆಂದರೆ ದಿನವೆಲ್ಲ ನಿಂತು ನಡೆದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ. ನೆಲಕ್ಕೆ ಕಾಗದ ಹಾಸಿ, ಕಾಲುಚೀಲ ತೊಟ್ಟು, ಎರಡೂ ಕಾಲಿನ ಮೇಲೆ ಸಮ ಭಾರ ಬಿಟ್ಟು ನಿಲ್ಲಬೇಕು. ಇನ್ನೊಬ್ಬರು ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಬೇಕು. ಎರಡೂ ಪಾದ ಬರೆಯಿರಿ. ಬಹಳ ಮಂದಿಯಲ್ಲಿ ಎರಡೂ ಒಂದೇ ಸಮ ಇರುವುದಿಲ್ಲ, ದೊಡ್ಡದಕ್ಕೇ ಬೂಟು ಕೊಳ್ಳಬೇಕು. ಆ ಕಾಗದವನ್ನು ಕತ್ತರಿಸಿಕೊಂಡು ಅಂಗಡಿಗೆ ಒಯ್ದು ಬೂಟಿನ ಅಟ್ಟೆಯ ಕೆಳಗೆ ಹಿಡಿದರೆ ಸಾಕು. ಕಾಗದ ಅಟ್ಟೆಯಾಚೆ ಇಣುಕಿದರೆ, ಅಂಗಡಿಯವನು ಎಷ್ಟೇ ಒತ್ತಾಯಿಸಿದರೂ ಆ ಜೊತೆ ಬೇಡ. ಹಾಕಿ ನಿಂತಾಗ ಉದ್ದನೆಯ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇರಬೇಕು. ಬೂಟು ಬಗ್ಗಿಸಿದರೆ ಬೆರಳಿನ ಬುಡದಲ್ಲಿ ಬಗ್ಗಬೇಕು. ನಟ್ಟ ನಡುವೆ ಬಗ್ಗಿದರೆ ಅದು ನಡೆಯುವ ಬೂಟಲ್ಲ. ಪಾದದ ಮೇಲ್ಭಾಗ ಎತ್ತರವಿದ್ದವರು ಲೇಸಿನ ಎರಡು ಪಟ್ಟಿಗಳು ಪೂರ್ತಿ ಬಿಚ್ಚಿಕೊಳ್ಳುವ ಮಾದರಿಯನ್ನೇ ಆರಿಸಲಿ.

ಕರ್ನಾಟಕದಲ್ಲಿ 2015-16ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಬೂಟು, ಕಾಲುಚೀಲ ಕೊಡುವ ಯೋಜನೆ ಆರಂಭವಾಯಿತು. ಶಾಲೆಯಲ್ಲಿ ಅಳತೆ ಕೇಳಿದಾಗ ‘ಹೋದ ವರ್ಷ 3, ಈ ವರ್ಷ 4’ ಎಂದು ಬಾಯಿಲೆಕ್ಕ ಹೇಳುವ ಬದಲು ಆ ದಿನವೇ ಬರೆದ ಕಾಗದ ಕಳಿಸಬಹುದು. ಚೆನ್ನೈ ಸಂಸ್ಥೆಯ ಸಮೀಕ್ಷೆಯ ಪ್ರಕಾರ ಹುಡುಗಿಯರ ಪಾದದ ಬೆಳವಣಿಗೆ 11ರ ಹೊತ್ತಿಗೆ, ಹುಡುಗರದು 15-16ರ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ. ಹೈಸ್ಕೂಲಿನ ಹುಡುಗನ ಬೂಟು ಆರು ತಿಂಗಳಿಗೇ ಬಿಗಿಯಾದರೆ ಅದು ಅವನ ತಪ್ಪಲ್ಲ. ಬೈಯುವ ಮೊದಲು ಒಮ್ಮೆ ಬೆರಳು ಮುಟ್ಟಿ ನೋಡಿ.

ಚರ್ಮದ ಮಾತು ಬಂದಾಗ ಈ ಸೀಮೆಯವರಿಗೆ ಹರಳಯ್ಯನ ನೆನಪಾಗದೆ ಇರದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿ ತಂದರೆಂದೂ, ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರೆಂದೂ ಕತೆ ಹೇಳುತ್ತಾರೆ. ಬಸವಕಲ್ಯಾಣದಲ್ಲಿ ಹರಳಯ್ಯನ ಗವಿಯೂ ಇದೆ. ಅಂಥ ಊರಿನ ಪಕ್ಕದಲ್ಲೇ ಇದ್ದು ಚರ್ಮದ ಕೆಲಸವನ್ನು ಕೀಳೆಂದು ಕಾಣುವವರು ಇನ್ನೂ ಇದ್ದಾರೆ. ಹಸಿ ಚರ್ಮ ಕೊಳೆಯುವ ಪದಾರ್ಥ. ಜಾಲಿ ತೊಗಟೆ, ಅಳಲೆಕಾಯಿಯ ಒಗರು, ಅಂದರೆ ಟ್ಯಾನಿನ್, ಅದರ ಕೊಲಾಜೆನ್ ನಾರುಗಳನ್ನು ಹಿಡಿದು ಕೊಳೆಯದಂತೆ ಮಾಡುತ್ತದೆ. ಪ್ರಯೋಗಾಲಯವಿಲ್ಲದೆ ಈ ರಸಾಯನಶಾಸ್ತ್ರ ಕಂಡುಕೊಂಡವರು ಅದೇ ಜನ.

ನೆನೆದ ಬೂಟನ್ನು ಒಲೆಯ ಪಕ್ಕ ಇಡುವುದು ಬಹಳ ಮನೆಗಳಲ್ಲಿರುವ ರೂಢಿ. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ಅದೇ ನಾರುಗಳು ಮುದುಡಿ ಸೀಳುತ್ತವೆ. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿ ಗಾಳಿಗಿಡಬೇಕು, ಕಾಗದ ನೆಂದಂತೆ ಬದಲಿಸಬೇಕು. ಹಣವಿದ್ದರೆ ಒಂದು ದುಬಾರಿ ಜೊತೆಗಿಂತ ಎರಡು ಸಾಧಾರಣ ಜೊತೆ ಕೊಂಡು ದಿನ ಬಿಟ್ಟು ದಿನ ಹಾಕುವುದು ಲೇಸು. ಒಂದು ದಿನದ ಬೆವರು ಆರಲು ಇನ್ನೊಂದು ದಿನ ಬೇಕು. ಅಟ್ಟೆ ಬರೀ ಅಂಟಿಸಿದ್ದೋ ಹೊಲಿದಿದ್ದೋ ಎಂದು ಅಂಚಿನಲ್ಲಿ ನೋಡಿ. ಹೊಲಿದದ್ದನ್ನು ಬಸ್ ನಿಲ್ದಾಣದ ಬಳಿಯ ಚಮ್ಮಾರರು ಎಷ್ಟೋ ಸಲ ರಿಪೇರಿ ಮಾಡಿಕೊಡಬಲ್ಲರು.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರ ಬೂಟು, ಚಪ್ಪಲಿಯನ್ನು ಮಕ್ಕಳೇ ದಿನವೂ ನೋಡಬೇಕು. ಆ ಕಾಯಿಲೆ ಹಳತಾದಂತೆ ಪಾದದ ನರಗಳು ಜಡವಾಗುತ್ತವೆ. ಮೊಳೆ ಚುಚ್ಚಿದರೂ, ಹರಳು ಒತ್ತಿದರೂ ತಿಳಿಯದೆ ಗಾಯವಾಗಿ, ಅದು ಮಾಯದೆ ಕಾಲನ್ನೇ ಕಳೆದುಕೊಳ್ಳುವ ತನಕ ಹೋಗಬಹುದು. ಬೆಳಿಗ್ಗೆ ಬೂಟನ್ನು ತಲೆಕೆಳಗು ಮಾಡಿ ನೆಲಕ್ಕೆ ಎರಡು ಸಲ ಬಡಿಯಿರಿ. ಮಳೆಗಾಲದಲ್ಲಿ ಒಳಗೆ ಚೇಳು ಅಡಗಿದ್ದರೂ ಹೊರಬೀಳುತ್ತದೆ. ಆಮೇಲೆ ಕೈ ಹಾಕಿ ಒಳಗೆಲ್ಲ ಸವರಿ ನೋಡಿ, ಅಪ್ಪನಿಗೆ ಕೊಡಿ.