ಎಕ್ಸ್‌ರೇ ಸರಿ ಇದೆ, ಮಂಡಿ ಸರಿ ಇಲ್ಲ!

ಬಸ್ಸು ಪೂರ್ತಿ ನಿಲ್ಲೋ ಮುಂಚೆ ಇಳಿಯೋ ಮಹಾಶಯರಿಗೆ ಯಾವ ಊರಲ್ಲೂ ಬರ ಇಲ್ಲ. ಪಾದ ನೆಲಕ್ಕೆ ಕಚ್ಚಿಕೊಳ್ಳುತ್ತೆ, ಮೈ ತಿರುಗುತ್ತೆ, ಮಂಡಿಯೊಳಗೆ 'ಟಪ್' ಅಂತ ಸದ್ದು. ಕಬಡ್ಡಿ ಅಂಕಣದಲ್ಲೂ ಇದೇ ಕಥೆ. ಸಂಜೆಯೊಳಗೆ ಮಂಡಿ ತೆಂಗಿನಕಾಯಿ ಗಾತ್ರ. ಆಸ್ಪತ್ರೆಗೆ ಹೋದರೆ ಒಂದು ಎಕ್ಸ್‌ರೇ. 'ಮೂಳೆ ಮುರಿದಿಲ್ಲ, ಏನೂ ಆಗಿಲ್ಲ' ಅಂತ ಒಂದು ಮಾತು, ನಾಲ್ಕು ಮಾತ್ರೆ, ಒಂದು ಕ್ರೇಪ್ ಬ್ಯಾಂಡೇಜು. ಮನೆಯವರಿಗೂ ಸಮಾಧಾನ.

ಮೂರು ತಿಂಗಳಾದ ಮೇಲೆ ನೋಡಿ. ಮೆಟ್ಟಿಲು ಇಳಿಯೋವಾಗ, ಮೂಟೆ ಹೊತ್ತು ತಿರುಗೋವಾಗ, ಕಾಲು ಇದ್ದಕ್ಕಿದ್ದಂತೆ ಕೈ ಕೊಡುತ್ತೆ!

ಇದು ಎಕ್ಸ್‌ರೇ ಯಂತ್ರದ ತಪ್ಪಲ್ಲ. ಅದಕ್ಕೆ ಕಾಣೋದು ಮೂಳೆ. ಒಂದು ಮೂಳೆಯನ್ನು ಇನ್ನೊಂದಕ್ಕೆ ಬಿಗಿದಿರೋ ಹಗ್ಗ, ಅಂದರೆ ಲಿಗಮೆಂಟು, ಅದರಲ್ಲಿ ಕಾಣೋದಿಲ್ಲ. ಮಂಡಿಯಲ್ಲಿ ಇಂಥ ದೊಡ್ಡ ಹಗ್ಗ ನಾಲ್ಕು: ಒಳಗೆ ಒಂದರ ಮೇಲೊಂದು ಅಡ್ಡ ಹಾಯ್ದ ಎರಡು, ಎಡಬಲಕ್ಕೆ ಒಂದೊಂದು. ಜೊತೆಗೆ ನಲ್ಲಿಯ ವಾಷರಿನಂತೆ ಮೂಳೆಗಳ ನಡುವೆ ಕೂತ ಎರಡು ಮೆತ್ತೆಗಳು. ಹಗ್ಗ ಹರಿದಿದೆಯೋ ಇಲ್ಲವೋ ತಿಳಿಯೋಕೆ ವೈದ್ಯರಿಗೆ ಮೊದಲು ಬೇಕಾದದ್ದು ಎರಡು ಕೈ ಮತ್ತು ಐದು ನಿಮಿಷ.

ಕೈ ಹಾಕೋ ಮುಂಚೆಯೇ ಅರ್ಧ ಪತ್ತೆ ಆಗುತ್ತೆ. 'ಟಪ್' ಅಂದಿತ್ತಾ? ಊತ ಎಷ್ಟು ಹೊತ್ತಿಗೆ ಬಂತು? ಎರಡು ಮೂರು ಗಂಟೆಯೊಳಗೇ ಉಬ್ಬಿದ್ದರೆ ಕೀಲಿನೊಳಗೆ ರಕ್ತ ತುಂಬಿರೋ ಸಂಭವ ಹೆಚ್ಚು, ಮುಂದಿನ ಅಡ್ಡ ಹಗ್ಗದ ಮೇಲೆ ಅನುಮಾನ. ಮಾರನೇ ದಿನ ನಿಧಾನವಾಗಿ ಊದಿದ್ದರೆ, ಮಂಡಿ ಅರ್ಧಕ್ಕೇ ಸಿಕ್ಕಿಕೊಂಡು ನೆಟ್ಟಗಾಗದೆ ಹೋದರೆ, ಮೆತ್ತೆಯ ಮೇಲೆ ಅನುಮಾನ.

ಆಮೇಲಿನದು ಲ್ಯಾಕ್‌ಮನ್ ಪರೀಕ್ಷೆ. ಅಮೆರಿಕದ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಜಾನ್ ಲ್ಯಾಕ್‌ಮನ್ ಕಲಿಸುತ್ತಿದ್ದದ್ದನ್ನು ಅವರ ಶಿಷ್ಯ ಜೋಸೆಫ್ ಟಾರ್ಗ್ 1976ರಲ್ಲಿ ಬರೆದು ಪ್ರಕಟಿಸಿದರು. ಮಲಗಿಸಿ, ಮಂಡಿಯನ್ನು 20-30 ಡಿಗ್ರಿ ಮಾತ್ರ ಬಗ್ಗಿಸಿ, ಒಂದು ಕೈಯಲ್ಲಿ ತೊಡೆ ಅಲುಗದಂತೆ ಹಿಡಿದು, ಇನ್ನೊಂದರಲ್ಲಿ ಮಂಡಿಯ ಕೆಳಗಿನ ಕಾಲನ್ನು ಮುಂದಕ್ಕೆ ಎಳೀತಾರೆ. ಹಗ್ಗ ಗಟ್ಟಿ ಇದ್ದರೆ 'ಟಕ್' ಅಂತ ನಿಲ್ಲುತ್ತೆ. ಹರಿದಿದ್ದರೆ ಕೊಂಡಿ ಇಲ್ಲದ ಮೇಜಿನ ಡ್ರಾಯರಿನಂತೆ ಜಾರಿ ಬರುತ್ತೆ. ಮೊದಲು ಒಳ್ಳೇ ಕಾಲು, ಆಮೇಲೆ ಪೆಟ್ಟಾದ ಕಾಲು. ಹೋಲಿಸಿ ನೋಡದಿದ್ದರೆ ಪರೀಕ್ಷೆಗೆ ಅರ್ಥವೇ ಇಲ್ಲ. ಕೆಲವರ ಕೀಲು ಹುಟ್ಟಿನಿಂದಲೇ ಸಡಿಲ.

ಮಂಡಿಯನ್ನು 90 ಡಿಗ್ರಿ ಬಗ್ಗಿಸಿ ಎಳೆಯೋ ಹಳೇ ವಿಧಾನವೂ ಇದೆ. ಆದರೆ ಹೊಸ ಪೆಟ್ಟಿನಲ್ಲಿ ಊದಿದ ಮಂಡಿ ಅಷ್ಟು ಬಗ್ಗೋದಿಲ್ಲ, ನೋವಿಗೆ ತೊಡೆಯ ಹಿಂದಿನ ಸ್ನಾಯು ಬಿಗಿ ಹಿಡಿಯುತ್ತೆ, ಹರಿದ ಹಗ್ಗವೂ ಗಟ್ಟಿ ಅನ್ನಿಸಿಬಿಡುತ್ತೆ. ಲ್ಯಾಕ್‌ಮನ್ ಪರೀಕ್ಷೆಯ ಹೆಚ್ಚುಗಾರಿಕೆ ಇರೋದೇ ಇಲ್ಲಿ. ಪಕ್ಕದ ಹಗ್ಗಗಳಿಗೆ ಕಾಲನ್ನು ಎಡಕ್ಕೆ, ಬಲಕ್ಕೆ ಒತ್ತಿ ಸಂದು ತೆರೆಯುತ್ತಾ ಅಂತ ನೋಡೋದು. ಒಳಬದಿಯ ಹಗ್ಗ ಮಾತ್ರ ಹರಿದಿದ್ದರೆ ಬಹಳಷ್ಟು ಸಲ ಬ್ರೇಸ್ ಹಾಕಿದರೇ ಕೂಡಿಕೊಳ್ಳುತ್ತೆ, ಕತ್ತರಿ ಬೇಕಿಲ್ಲ.

ಮೆತ್ತೆಗೆ ಲಿವರ್‌ಪೂಲಿನ ಮೆಕ್‌ಮರ್ರೆ 1942ರಲ್ಲಿ ವಿವರಿಸಿದ ಪರೀಕ್ಷೆ: ಮಂಡಿ ಪೂರ್ತಿ ಮಡಚಿ, ಪಾದ ತಿರುಗಿಸಿ, ಮೆಲ್ಲಗೆ ನೆಟ್ಟಗೆ ಮಾಡುತ್ತಾ ಸಂದಿನ ಮೇಲಿಟ್ಟ ಬೆರಳಿಗೆ ಸಿಗೋ 'ಕಟಕ್' ಗಮನಿಸೋದು. ಇದು ಅಷ್ಟೇನೂ ನಂಬಿಕಸ್ಥ ಅಲ್ಲ. ಕಟಕ್ ಬರಲಿಲ್ಲ ಅಂದಾಕ್ಷಣ ಮೆತ್ತೆ ಸುರಕ್ಷಿತ ಅಂತ ಹೇಳೋಕಾಗದು.

ಮೊದಲ ದಿನ ನೋವಿಗೆ ಮುಟ್ಟೋಕೇ ಬಿಡದ ಮಂಡಿ, ಊತ ಇಳಿದ ಮೇಲೆ ನಿಜ ಹೇಳುತ್ತೆ. ಅದಕ್ಕೇ ಒಂದು ವಾರ, ಹತ್ತು ದಿನ ಬಿಟ್ಟು ಮತ್ತೆ ತೋರಿಸಬೇಕು. ಜನ ತಪ್ಪೋದು ಇಲ್ಲೇ. ಆ ಹತ್ತು ದಿನದಲ್ಲಿ ಎಣ್ಣೆ ಹಾಕಿ ತಿಕ್ಕಿಸಿ, ಬಿಸಿ ಶಾಖ ಕೊಟ್ಟು, ನೋವು ಕಡಿಮೆಯಾಯ್ತು ಅಂತ ಕೆಲಸಕ್ಕೆ ಇಳಿದಿರ್ತಾರೆ. ಹೊಸ ಊತಕ್ಕೆ ತಿಕ್ಕೋದು, ಶಾಖ ಎರಡೂ ಕೂಡದು. ಮಂಡಿ ಪ್ರತಿ ಸಲ ಕೈ ಕೊಟ್ಟಾಗಲೂ ಒಳಗಿನ ಮೆತ್ತೆ ಇನ್ನಷ್ಟು ಹರಿಯೋ ಅಪಾಯ ಇದೆ. ಎಲ್ಲರಿಗೂ ಆಪರೇಷನ್ ಬೇಕಿಲ್ಲ, ಕೆಲವರಿಗೆ ವ್ಯಾಯಾಮವೇ ಸಾಕು. ಆದರೆ ಏನಾಗಿದೆ ಅಂತ ತಿಳಿದಿರಬೇಕಲ್ಲ? ಕೈಗೆ ಅನುಮಾನ ಬಂದರೆ ಆಮೇಲೆ ಎಂ.ಆರ್.ಐ. ಸಾವಿರಗಟ್ಟಲೆ ರೂಪಾಯಿಯ ಮಾತು ಅದು. ಪ್ಯಾಂಟು ಕೂಡ ಮೇಲೆತ್ತಿಸದೆ ಸ್ಕ್ಯಾನಿಗೆ ಚೀಟಿ ಬರೆಯೋದು ವೈದ್ಯವೂ ಅಲ್ಲ, ನ್ಯಾಯವೂ ಅಲ್ಲ. ಉದ್ದ ಸಾಲಿನ ಹೊರರೋಗಿ ವಿಭಾಗದಲ್ಲಿ ಐದು ನಿಮಿಷ ಸಿಗೋದು ಕಷ್ಟ, ನಿಜ. ಆದರೂ 'ಸಾರ್, ಎರಡೂ ಮಂಡಿ ಹಿಡಿದು ಒಂದ್ಸಲ ನೋಡಿ' ಅಂತ ಕೇಳೋಕೆ ಕಾಸು ಖರ್ಚಿಲ್ಲ.

ಪಾದ ಉಳುಕಿದರೆ ಕಥೆ ಉಲ್ಟಾ. ಅಲ್ಲಿ ಬೇಡದ ಎಕ್ಸ್‌ರೇಗಳೇ ಜಾಸ್ತಿ. ಕೆನಡಾದ ಆಟವಾ ನಗರದ ವೈದ್ಯರು 1992ರಲ್ಲಿ ಇದಕ್ಕೊಂದು ನಿಯಮ ಮಾಡಿದರು. ಪಾದದ ಕೀಲಿನ ಎರಡು ಬದಿ ಎದ್ದು ಕಾಣೋ ಗಂಟುಮೂಳೆಗಳ ತುದಿ ಅಥವಾ ಹಿಂದಿನ ಅಂಚು, ಪಾದದ ನಡುಭಾಗದ ಎರಡು ಗೊತ್ತಾದ ಮೂಳೆಗಳು, ಇವನ್ನು ಒತ್ತಿದರೆ ನೋವಿಲ್ಲ, ನಾಲ್ಕು ಹೆಜ್ಜೆ ಕುಂಟುತ್ತಲಾದರೂ ಇಡೋಕಾಗುತ್ತೆ ಅಂದರೆ, ದೊಡ್ಡವರಲ್ಲಿ ಮುರಿತದ ಸಂಭವ ತೀರಾ ಕಡಿಮೆ, ಎಕ್ಸ್‌ರೇ ಬೇಕಿಲ್ಲ.

ಈ ಎಳೆಯೋದು, ತಿರುಗಿಸೋದನ್ನು ಮನೆಯಲ್ಲಿ ಭಾವಮೈದ ಮಾಡಿ ನೋಡೋ ಹಾಗಿಲ್ಲ. ಪೆಟ್ಟಾದ ಮೇಲೆ ಪಾದ ತಣ್ಣಗಾದರೆ, ಜೋಮು ಹಿಡಿದರೆ, ಹತ್ತು ದಿನ ಅಲ್ಲ, ಹತ್ತು ನಿಮಿಷವೂ ಕಾಯಬಾರದು. ರಕ್ತನಾಳಕ್ಕೆ ಪೆಟ್ಟಾಗಿರಬಹುದು, ತಡವಾದರೆ ಕಾಲೇ ಹೋದೀತು.