ನೆಟ್ಟ ಲೆಕ್ಕವುಂಟು, ಉಳಿದ ಲೆಕ್ಕವೆಲ್ಲಿ?

ಮುಂಗಾರು ಕಾಲಿಟ್ಟೊಡನೆ ಸಸಿ ನೆಡುವ ಗುರಿಗಳು ಪ್ರಕಟವಾಗುವುದು ನಮ್ಮಲ್ಲಿ ಒಂದು ಋತುಧರ್ಮವೇ ಆಗಿಬಿಟ್ಟಿದೆ. ಒಂದು ಕಾಲಕ್ಕೆ ಲಕ್ಷಗಳಲ್ಲಿದ್ದ ಈ ಗುರಿಗಳು ಈಗ ಕೋಟಿಗಳಲ್ಲಿವೆ. 1950ರಲ್ಲಿ ಕೆ.ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದ ದಿನದಿಂದ ಈವರೆಗೆ ಕಡತಗಳಲ್ಲಿ ನೆಟ್ಟ ಸಸಿಗಳೆಲ್ಲವೂ ಬದುಕಿದ್ದರೆ ಈ ದೇಶದಲ್ಲಿ ಬಿಸಿಲು ಕಾಣುವುದೇ ದುರ್ಲಭವಾಗುತ್ತಿತ್ತು.

ಈಗ ಈ ಮಾತನ್ನು ಗಂಭೀರವಾಗಿ ಕೇಳಬೇಕಾದ ಕಾರಣವಿದೆ. 2030ರೊಳಗೆ 2.6 ಕೋಟಿ ಹೆಕ್ಟೇರ್ ಕ್ಷೀಣಿಸಿದ ಭೂಮಿಯನ್ನು ಪುನಶ್ಚೇತನಗೊಳಿಸುವುದಾಗಿ ಭಾರತವು 2019ರಲ್ಲಿ ಜಗತ್ತಿನ ಮುಂದೆ ವಚನ ನೀಡಿತು. ಅದೇ ವರ್ಷ ಪರಿಹಾರಾತ್ಮಕ ಅರಣ್ಯೀಕರಣ ನಿಧಿಯಿಂದ ಸುಮಾರು 47,436 ಕೋಟಿ ರೂಪಾಯಿ ರಾಜ್ಯಗಳಿಗೆ ವರ್ಗಾವಣೆಯಾಯಿತು. ಅರಣ್ಯ ಪುನಶ್ಚೇತನಕ್ಕೆ ಹಣವಿಲ್ಲವೆಂಬ ಹಳೆಯ ನೆಪ ಇನ್ನು ಸಲ್ಲದು. ಆದರೆ ಈ ಹಣದಿಂದ ಕಾಡು ಮರಳಿತೋ ಇಲ್ಲವೋ ಎಂಬುದನ್ನು ಹೇಳಬಲ್ಲ ಲೆಕ್ಕಪತ್ರ ನಮ್ಮಲ್ಲಿ ಇದೆಯೇ?

ನಾನು ಸೇವೆಯಲ್ಲಿದ್ದ ವರ್ಷಗಳಲ್ಲಿ ಜಿಲ್ಲಾ ಮಟ್ಟದ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಕಳೆದ ಗಂಟೆಗಳು ಅಷ್ಟಿಷ್ಟಲ್ಲ. ಭೌತಿಕ ಗುರಿ, ಭೌತಿಕ ಸಾಧನೆ, ಆರ್ಥಿಕ ಗುರಿ, ಆರ್ಥಿಕ ಸಾಧನೆ ಎಂಬ ನಾಲ್ಕು ಅಂಕಣಗಳಲ್ಲಿ ಜಗತ್ತಿನ ಸಕಲ ವ್ಯವಹಾರವೂ ಅಡಕವಾಗುತ್ತಿತ್ತು. ಗುಂಡಿ ತೋಡಿದ್ದು, ಸಸಿ ನೆಟ್ಟದ್ದು, ಮಾರ್ಚ್ ಅಂತ್ಯಕ್ಕೆ ಹಣ ಖರ್ಚಾದದ್ದು ಎಲ್ಲವೂ ನಿಖರವಾಗಿಯೇ ಇರುತ್ತಿದ್ದವು. ಒಮ್ಮೆ ಒಂದು ಜಿಲ್ಲೆಯ ಸಭೆಯಲ್ಲಿ, ಆರು ವರ್ಷಗಳ ಹಿಂದೆ ಬೆಳೆಸಿದ ನೆಡುತೋಪಿನ ಇಂದಿನ ಸ್ಥಿತಿಯೇನೆಂದು ಕೇಳಿದೆ. 'ಆ ಯೋಜನೆ ಮುಕ್ತಾಯವಾಗಿದೆ ಸಾರ್' ಎಂಬ ಉತ್ತರ ಬಂತು. ಉತ್ತರಿಸಿದ ಅಧಿಕಾರಿ ಸುಳ್ಳಾಡಲಿಲ್ಲ. ನಿರ್ವಹಣೆಯ ಅನುದಾನ ಸಾಮಾನ್ಯವಾಗಿ ಮೂರು ವರ್ಷಕ್ಕೆ, ಪರಿಹಾರಾತ್ಮಕ ಅರಣ್ಯೀಕರಣದಲ್ಲಿ ಇನ್ನು ಕೆಲವು ವರ್ಷಗಳಿಗೆ ನಿಂತುಹೋಗುತ್ತದೆ. ಸಸಿಯು ಮರವಾಗುವ ಲಕ್ಷಣ ತೋರುವ ಹೊತ್ತಿಗೆ ಲೆಕ್ಕಶೀರ್ಷಿಕೆಯೇ ಮುಚ್ಚಿರುತ್ತದೆ. ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ನಾವು ವರ್ಷವರ್ಷದ ಹರಿವನ್ನು ಮಾತ್ರ ಬರೆದಿಡುತ್ತೇವೆ, ದಾಸ್ತಾನನ್ನು ಎಂದೂ ಎಣಿಸುವುದಿಲ್ಲ. ಹಾಗೆ ನಡೆಯುವ ಕಿರಾಣಿ ಅಂಗಡಿ ಒಂದು ವರ್ಷವೂ ಬಾಳದು.

ಲೆಕ್ಕ ತೆಗೆದಾಗ ಏನು ಕಂಡೀತೆಂಬುದಕ್ಕೆ ಮಹಾಲೇಖಪಾಲರ 2013ರ ವರದಿ ಸಾಕ್ಷಿ. 2006ರಿಂದ 2012ರ ಅವಧಿಯಲ್ಲಿ ಅರಣ್ಯಭೂಮಿಗೆ ಬದಲಾಗಿ 1.03 ಲಕ್ಷ ಹೆಕ್ಟೇರ್ ಅರಣ್ಯೇತರ ಭೂಮಿ ಬರಬೇಕಿತ್ತು. ಬಂದದ್ದು ಸುಮಾರು 28 ಸಾವಿರ ಹೆಕ್ಟೇರ್. ಗಿಡ ನೆಟ್ಟದ್ದು, ಬರಬೇಕಿದ್ದ ಭೂಮಿಯ ಶೇ 7ರಷ್ಟರಲ್ಲಿ ಮಾತ್ರ. ಅದರಲ್ಲಿಯೂ ಉಳಿದವೆಷ್ಟು ಎಂಬುದು ಬೇರೆಯೇ ಪ್ರಶ್ನೆ.

ಉಪಗ್ರಹವಿದೆಯಲ್ಲ ಎಂದು ಓದುಗರು ಕೇಳಬಹುದು. ಭಾರತೀಯ ಅರಣ್ಯ ಸರ್ವೇಕ್ಷಣೆಯು 1987ರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ವರದಿ ನೀಡುತ್ತಿದೆ. ಇಷ್ಟು ದೀರ್ಘಕಾಲ ಈ ಕೆಲಸವನ್ನು ಬಿಡದೆ ನಡೆಸಿದ ಸಂಸ್ಥೆಯ ಬಗ್ಗೆ ನನಗೆ ಗೌರವವಿದೆ. ಆದರೆ ಅದರ ವ್ಯಾಖ್ಯೆಯ ಪ್ರಕಾರ, ಒಂದು ಹೆಕ್ಟೇರಿಗಿಂತ ಹೆಚ್ಚಿನ ಯಾವುದೇ ಜಾಗದಲ್ಲಿ ಮರಗಳ ಮೇಲಾವರಣ ಶೇ 10ನ್ನು ಮೀರಿದ್ದರೆ ಅದು ಅರಣ್ಯ ಹೊದಿಕೆ. ಒಡೆತನ ಯಾರದೆಂದಾಗಲಿ, ಮರ ಯಾವುದೆಂದಾಗಲಿ ಕೇಳುವುದಿಲ್ಲ. ಕೊಡಗಿನ ಕಾಫಿ ತೋಟವೂ ನೀಲಗಿರಿ ತೋಪೂ ಆ ಲೆಕ್ಕಕ್ಕೆ ಸೇರುತ್ತವೆ. ದೇಶದ ಭೂಪ್ರದೇಶದ ಶೇ 21.76ರಷ್ಟು ಅರಣ್ಯ ಹೊದಿಕೆಯಿದೆ ಎನ್ನುವ 2023ರ ವರದಿಯ ಅಂಕಿಯನ್ನು ಓದುವಾಗ ಇದನ್ನು ನೆನಪಿನಲ್ಲಿಡಬೇಕು. ಆ ಅಂಕಿ ಸುಳ್ಳಲ್ಲ. ಅದು ಬೇರೊಂದು ಪ್ರಶ್ನೆಗೆ ಉತ್ತರ.

ಹಸಿರು ಹೇಗೆ ಕಣ್ಣಿಗೆ ಮಣ್ಣೆರಚುತ್ತದೆ ಎಂಬುದಕ್ಕೆ ಬಿಳಿಗಿರಿರಂಗನ ಬೆಟ್ಟಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಅಲ್ಲಿ ಬೆಂಗಳೂರಿನ ಸಂಶೋಧಕರು 1997ರಲ್ಲಿ ನೋಡಿದ ಜಾಗಗಳನ್ನೇ 2008ರಲ್ಲಿ ಮತ್ತೆ ನೋಡಿದರು. ಲಂಟಾನ ಹೊಕ್ಕಿದ್ದ ತಾಣಗಳ ಪ್ರಮಾಣ ಈ ಹನ್ನೊಂದು ವರ್ಷಗಳಲ್ಲಿ ಸರಿಸುಮಾರು ಇಮ್ಮಡಿಯಾಗಿತ್ತು. ಲಂಟಾನವೂ ಹಸಿರೇ, ಮರದಡಿಯಲ್ಲಿ ಹಬ್ಬಿದ್ದನ್ನು ಆಕಾಶದ ಕಣ್ಣು ಕಾಣದು. ಅದರ ಪೊದೆಯಡಿಯಲ್ಲಿ ನೆಲ್ಲಿಯ ಸಸಿ ಏಳುತ್ತಿಲ್ಲವೆಂಬುದನ್ನು ನೆಲದ ಮೇಲೆ ನಡೆದವನು ಮಾತ್ರ ಹೇಳಬಲ್ಲ. ಸೋಲಿಗರು ಇದನ್ನು ಬಹಳ ಹಿಂದೆಯೇ ಹೇಳಿದ್ದರು. ಬೇಸಿಗೆಯ ಆರಂಭದಲ್ಲಿ ಒಣ ತರಗೆಲೆಗೆ ತಾವು ಇಡುತ್ತಿದ್ದ ಹಗುರ ಬೆಂಕಿ, ಅಂದರೆ ತರಗು ಬೆಂಕಿ, ನಿಷೇಧವಾದ ಮೇಲೆಯೇ ಲಂಟಾನ ಈ ಪರಿ ಹಬ್ಬಿತೆಂಬುದು ಅವರ ವಾದ. ಈ ವಾದವನ್ನು ಒಪ್ಪಬಹುದು, ಬಿಡಬಹುದು. ಆದರೆ ಕಾಡಿನಲ್ಲಿ ಪ್ರತಿದಿನ ನಡೆಯುವ ಜನರ ಮಾತು ನಮ್ಮ ಯಾವ ಮೌಲ್ಯಮಾಪನ ನಮೂನೆಯಲ್ಲಿಯೂ ಒಂದು ಅಂಕಣವಾಗಿರಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಮೂಲಭೂತವಾದದ್ದು. 'ಕ್ಷೀಣಿಸಿದ' ಎಂದು ತೀರ್ಮಾನಿಸುವವರು ಯಾರು? ರಾಣೆಬೆನ್ನೂರಿನ ಕೃಷ್ಣಮೃಗ ವನ್ಯಧಾಮದ ವಿಸ್ತಾರ 119 ಚದರ ಕಿಲೋಮೀಟರ್. ಕೃಷ್ಣಮೃಗ ಬಯಲಿನ ಪ್ರಾಣಿ. ದೂರ ನೋಡಿ ಓಡಬಲ್ಲ ಹುಲ್ಲುಗಾವಲೇ ಅದರ ಮನೆ. ಅಂಥ ಕುರುಚಲು ಬಯಲಿನ ದೊಡ್ಡ ಭಾಗದಲ್ಲಿ ಎದ್ದು ನಿಂತದ್ದು ನೀಲಗಿರಿ ನೆಡುತೋಪು. ಮರವಿಲ್ಲದ ನೆಲವೆಲ್ಲ ಪಾಳು ನೆಲ ಎಂಬ ಕಂದಾಯ ಇಲಾಖೆಯ ಹಳೆಯ ದೃಷ್ಟಿ ಅರಣ್ಯಶಾಸ್ತ್ರದೊಳಗೂ ನುಸುಳಿದ್ದರ ಫಲ ಇದು. ಅದೇ ಸೀಮೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ರೈತರು 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ನಡೆಸಿ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ಸರ್ಕಾರ ಮತ್ತು ಖಾಸಗಿ ಉದ್ಯಮದ ಜಂಟಿ ಕಂಪನಿಗೆ ನಿರುಪಯುಕ್ತವೆಂದು ವಹಿಸಿಕೊಡಲಾಗಿದ್ದ ಆ ನೆಲ ಅವರ ದನಗಳ ಹುಲ್ಲು, ಅವರ ಒಲೆಯ ಸೌದೆ. ಎಸ್.ಆರ್. ಹಿರೇಮಠರು ಆ ಹೋರಾಟವನ್ನು ಸಂಘಟಿಸಿದರು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರಲ್ಲಿ ಒಬ್ಬರಾದರು. ಕೊನೆಗೆ 1991ರಲ್ಲಿ ಆ ಕಂಪನಿಯೇ ಮುಚ್ಚಿತು.

ಹಾಗಾದರೆ ಸರಿಯಾದ ಎಣಿಕೆ ಹೇಗಿರುತ್ತದೆ? ಬಂಡೀಪುರಕ್ಕೆ ಅಂಟಿಕೊಂಡೇ ಇರುವ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ 50 ಹೆಕ್ಟೇರಿನ ಒಂದು ತಾಣವನ್ನು ಗುರುತಿಸಿದರು. ಒಂದು ಸೆಂಟಿಮೀಟರಿಗಿಂತ ದಪ್ಪನಾದ ಪ್ರತಿಯೊಂದು ಕಾಂಡಕ್ಕೂ ಸಂಖ್ಯೆ ಬಿತ್ತು. ಮೊದಲ ಗಣತಿಯಲ್ಲಿಯೇ ಅವು ಇಪ್ಪತ್ತೈದು ಸಾವಿರವನ್ನು ಮೀರಿದವು. ಸತ್ತದ್ದೆಷ್ಟು, ಹೊಸದಾಗಿ ಎದ್ದದ್ದೆಷ್ಟು, ಆನೆ ಮುರಿದದ್ದೋ ಬೆಂಕಿ ಸುಟ್ಟದ್ದೋ ಎಂಬುದನ್ನೆಲ್ಲ ದಶಕಗಟ್ಟಲೆ ಬರೆದಿಡಲಾಗಿದೆ. ಅದು ಕಾಡನ್ನು ಅರಿಯುವ ಯತ್ನ. ಕಾಡನ್ನು ಮರಳಿಸುವ ಯತ್ನದ ಮಾದರಿ ಬೇಕೆಂದರೆ ಆನೆಮಲೆಯ ವಾಲ್ಪಾರೈಗೆ ಹೋಗಬೇಕು. ಚಹಾ ತೋಟಗಳ ನಡುವೆ ಉಳಿದ ಮಳೆಕಾಡಿನ ತುಣುಕುಗಳಲ್ಲಿ ಕಳೆ ತೆಗೆದು, ಅಲ್ಲಿಯದೇ ಹತ್ತಾರು ಜಾತಿಯ ಸಸಿಗಳನ್ನು ನೆಡುವ ಕೆಲಸವನ್ನು ದಿವ್ಯಾ ಮುದ್ದಪ್ಪ ಮತ್ತು ಟಿ.ಆರ್. ಶಂಕರ್ ರಾಮನ್ ಎರಡು ದಶಕಗಳಿಂದ ನಡೆಸಿದ್ದಾರೆ. 2019ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನವು ನೆಟ್ಟ ತಾಣಗಳನ್ನು ಎರಡು ಬಗೆಯ ತಾಣಗಳೊಡನೆ ಹೋಲಿಸಿತು: ಏನೂ ಮಾಡದೆ ಬಿಟ್ಟವು, ಹೆಚ್ಚು ಕೆಡದೆ ಉಳಿದ ಕಾಡಿನವು. ನೆಟ್ಟ ತಾಣಗಳಲ್ಲಿ ಜಾತಿವೈವಿಧ್ಯವೂ ಇಂಗಾಲದ ಸಂಗ್ರಹವೂ ಬಿಟ್ಟ ತಾಣಗಳಿಗಿಂತ ಮೇಲಾಗಿದ್ದವು, ಮೂಲ ಕಾಡಿನ ಮಟ್ಟವನ್ನು ಮಾತ್ರ ಇನ್ನೂ ಮುಟ್ಟಿರಲಿಲ್ಲ. ಏನೂ ಮಾಡದಿದ್ದರೆ ಏನಾಗುತ್ತಿತ್ತು ಎಂಬ ಹೋಲಿಕೆಯಿಲ್ಲದೆ ಯಾವ ಯೋಜನೆಯ ಫಲವನ್ನೂ ಹೇಳಲಾಗದೆಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಮೊದಲ ವರ್ಷದ ಪಾಠ. ಸಾವಿರಾರು ಕೋಟಿಯ ನಮ್ಮ ಯೋಜನೆಗಳಲ್ಲಿ ಅಂಥ ತಾಣಗಳನ್ನು ಬೇರ್ಪಡಿಸಿ ಇಡುವುದು ನಿಯಮವಾಗಿಲ್ಲ.

ಕೇಂದ್ರ ಸರ್ಕಾರದ ಹಸಿರು ಸಾಲ ಯೋಜನೆಯು 2024ರಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಗಿಡಗಳೆಂಬ ಷರತ್ತು ವಿಧಿಸಿ ಗಿಡಕ್ಕೊಂದು ಅಂಕ ಕೊಡಲು ಹೊರಟಿತು. ಟೀಕೆಗಳ ಬಳಿಕ 2025ರಲ್ಲಿ ನಿಯಮ ಬದಲಾಗಿ ಐದು ವರ್ಷ ಕಾಯಬೇಕು, ಮೇಲಾವರಣ ಶೇ 40 ಮುಟ್ಟಬೇಕು ಎಂದಾಯಿತು. ಕಾಯಬೇಕೆಂದದ್ದು ಸ್ವಾಗತಾರ್ಹ. ಶೇ 40ರ ಪಟ್ಟು ಮಾತ್ರ ಚಿತ್ರದುರ್ಗದ ಕುರುಚಲಿಗೂ ಆಗುಂಬೆಯ ಮಳೆಕಾಡಿಗೂ ಒಂದೇ ಅಳತೆಗೋಲು ಹಿಡಿದಂತೆ.

ಮಾಡಬೇಕಾದದ್ದು ದುಬಾರಿಯದೇನಲ್ಲ. ಪ್ರತಿ ಪುನಶ್ಚೇತನ ಯೋಜನೆಯ ಹಣದಲ್ಲಿ ಒಂದು ಸಣ್ಣ ಪಾಲನ್ನು ಐದನೆಯ, ಹತ್ತನೆಯ, ಇಪ್ಪತ್ತನೆಯ ವರ್ಷದ ಎಣಿಕೆಗೆಂದು ಮೊದಲೇ ಠೇವಣಿಯಿಡಬೇಕು, ಆರ್ಥಿಕ ವರ್ಷ ಮುಗಿದರೆ ಅದು ರದ್ದಾಗಬಾರದು. ನೆಟ್ಟವರೇ ಎಣಿಸಬಾರದು. ಹತ್ತಿರದ ಪದವಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗ ಮತ್ತು ಗ್ರಾಮ ಅರಣ್ಯ ಸಮಿತಿ ಕೂಡಿ ಎಣಿಸಲಿ. ತಾಣದ ಗಡಿ, ಜಾತಿಗಳ ಪಟ್ಟಿ, ಪ್ರತಿ ಎಣಿಕೆಯ ಫಲ ಕನ್ನಡದಲ್ಲಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲಿರಲಿ. ಇಲಾಖೆಯೊಳಗೆ ಮೌಲ್ಯಮಾಪನ ವ್ಯವಸ್ಥೆ ಇಲ್ಲವೆಂದಲ್ಲ. ಅದರ ವರದಿಗಳು ಕಚೇರಿಯಿಂದ ಕಚೇರಿಗೆ ಸಾಗಿ ಅಲ್ಲಿಯೇ ವಿಶ್ರಮಿಸುತ್ತವೆ. 2019ರಲ್ಲಿ ಬಂದ ಹಣದಲ್ಲಿ ಆರಂಭದ ಮಳೆಗಾಲಗಳಲ್ಲಿ ನೆಟ್ಟ ಸಸಿಗಳಿಗೆ ಈಗ ಐದು ವರ್ಷ ದಾಟಿದೆ. ಮೊದಲ ಎಣಿಕೆಯನ್ನು ಅವುಗಳಿಂದಲೇ ಆರಂಭಿಸಬಹುದು.