ನಿಮಗಿದು ಗೊತ್ತೆ? ಬೆಸೆದ ಹಾಲುಹಲ್ಲಿನ ಸೂಚನೆ

ಮಕ್ಕಳ ಹಾಲುಹಲ್ಲುಗಳು 20. ಕೆಲವರಲ್ಲಿ ಎರಡು ಮುಂಬಲ್ಲುಗಳು ವಸಡಿನೊಳಗೆ ಬೆಳೆಯುವಾಗಲೇ ಬೆಸೆದುಕೊಂಡು, ಒಂದೇ ಅಗಲವಾದ ಹಲ್ಲಾಗಿ ಮೂಡುತ್ತವೆ. ಎಣಿಸಿದರೆ ಒಂದು ಕಡಿಮೆ. ಹೇಗೂ ಬೀಳುವ ಹಲ್ಲಿಗೆ ಚಿಂತೆಯೇಕೆ ಎನ್ನುವವರುಂಟು. ಬೀಳುವುದು ನಿಜ. ಆದರೆ ಅದರಡಿ ಬರಬೇಕಾದ ಶಾಶ್ವತ ಹಲ್ಲೊಂದು ಹುಟ್ಟದೆಯೇ ಇರುವ ಸಾಧ್ಯತೆ ಇಂಥ ಮಕ್ಕಳಲ್ಲಿ ಹೆಚ್ಚು. ಬೆಸುಗೆಯ ಗೀರಿನಲ್ಲಿ ಆಹಾರ ಸಿಕ್ಕಿ ಹುಳುಕೂ ಹಿಡಿಯಬಹುದು. ಹಾಗೆಂದು ಕೀಳಿಸುವ ಅವಸರ ಬೇಡ. ವೈದ್ಯರು ಹೇಳಿದ ವಯಸ್ಸಿನಲ್ಲಿ ತೆಗೆಸಿದ ಎಕ್ಸ್‌ರೇ ನಿಜ ತಿಳಿಸುತ್ತದೆ. ಕೋಲ್ಕತ್ತದಲ್ಲಿ 1920ರಲ್ಲಿ ಡಾ. ಆರ್. ಅಹ್ಮದ್ ಭಾರತದ ಮೊದಲ ದಂತ ಕಾಲೇಜು ತೆರೆದರು. ಹೀಗೆ ಶತಮಾನ ದಾಟಿದ ದಂತವೈದ್ಯ ವಿದ್ಯೆಯ ಫಲ ಹಾಲುಹಲ್ಲಿಗೂ ಸಲ್ಲಲಿ: ಮೊದಲ ಹುಟ್ಟುಹಬ್ಬದೊಳಗೆ ಮಗುವಿನ ಬಾಯಿಯನ್ನು ದಂತವೈದ್ಯರಿಗೆ ತೋರಿಸಿ.